ಕೆರಿಯಪ್ಪ ಸರ್‌ಗೆ ಬಿದ್ದ ಹನ್ನೊಂದು ಮತ

ಕೀಲಿ ಕೊಡುವ ಕೈಗಡಿಯಾರ ಈಗ ಯಾರ ಮನೆಯಲ್ಲಿದೆ ಹೇಳಿ? ನಮ್ಮ ಮನೆಯಲ್ಲೊಂದಿದೆ. ಕಪಾಟಿನಲ್ಲಿ ರೇಷ್ಮೆ ಸೀರೆಗಳ ಅಡಿಗೆ, ನುಸಿಗುಳಿಗೆಯ ವಾಸನೆ ಹಿಡಿದುಕೊಂಡು ಮಲಗಿರುತ್ತದೆ. ಹೋದ ವಾರ ಅದನ್ನು ಹೊರಗೆ ತೆಗೆದು ಕೀಲಿ ಕೊಟ್ಟೆ. ಒಂದೆರಡು ಸಲ ಕೊಡವಿದ ಮೇಲೆ ಟಿಕ್‌ಟಿಕ್ ಅನ್ನತೊಡಗಿತು. ಕಟ್ಟಿಕೊಂಡು ಹೊರಟವಳನ್ನು ನೋಡಿ ನನ್ನ ಯಜಮಾನರು, "ಎಂತ, ಮೊಬೈಲಲ್ಲಿ ಟೈಮ್ ಕಾಣಲ್ವಾ?" ಎಂದರು. ಅವರಿಗೆ ಉತ್ತರ ಹೇಳಲು ಪುರುಸೊತ್ತಿರಲಿಲ್ಲ. ನೀವು ಕೂತಿದ್ದೀರಲ್ಲ, ನಿಮಗೆ ಹೇಳುತ್ತೇನೆ.

ಮೊದಲು ನನ್ನ ದೊಡ್ಡಸ್ತಿಕೆ ಹೇಳಿಬಿಡುತ್ತೇನೆ. ಹೊಸನಗರ ತಾಲೂಕಿನ ಒಂದು ಗ್ರಾಮ ಪಂಚಾಯಿತಿಗೆ ನಾನು ಅಧ್ಯಕ್ಷೆ. ಮೀಸಲಾತಿ ನನ್ನನ್ನು ಹುಡುಕಿಕೊಂಡು ಬಂತು, ನಾನು ಅದನ್ನು ಹುಡುಕಿಕೊಂಡು ಹೋದದ್ದಲ್ಲ. ಹುಟ್ಟಿದ್ದು ಇದೇ ಪಂಚಾಯಿತಿಯ ಕೆಳಕೇರಿಯಲ್ಲಿ. ಮದುವೆಯಾಗಿ ಹೋದದ್ದು ನಾಲ್ಕು ಮನೆ ಆಚೆಗೆ. ತವರಿನ ಒಗ್ಗರಣೆಯ ಘಾಟು ಗಂಡನ ಮನೆಯ ಮೂಗಿಗೆ ಬರುವಷ್ಟು ದೂರ.

ನಮ್ಮ ಪಂಚಾಯಿತಿಗೆ ಈ ಸಲ ಒಂದು ಕಾಲುಸಂಕ ಮಂಜೂರಾಗಿದೆ. ಮಳೆಗಾಲದಲ್ಲಿ ಹಳ್ಳ ದಾಟಲು ನಾವು ಇವತ್ತಿಗೂ ಅಡಿಕೆ ಮರ ಸೀಳಿ ಹಾಸಿಕೊಳ್ಳುತ್ತೇವೆ, ಹಳ್ಳ ಏರಿದಾಗ ಅದೂ ತೇಲಿಹೋಗುತ್ತದೆ. ಅಲ್ಲಿಗೆ ಸಿಮೆಂಟಿನ ಗಟ್ಟಿ ಸಂಕ ಬರುತ್ತದೆ. ಆದರೆ ಬರುವುದು ಒಂದು, ಬೇಕಾದ ಊರು ಎರಡು: ನಮ್ಮ ಕೆಳಕೇರಿ ಮತ್ತು ಗುಡ್ಡದಾಚೆಯ ಹಾರೆಗುಡ್ಡೆ. ಕೆಳಕೇರಿಯಲ್ಲಿ ಮನೆ ಹೆಚ್ಚು, ಮತವೂ ಹೆಚ್ಚು, ಅಧ್ಯಕ್ಷೆಯೂ ಅಲ್ಲಿಯವಳೇ. ಪಿಡಿಒ ಪೆನ್ನು ಹಿಡಿದುಕೊಂಡು, "ನೀವು ಹೇಳಿದ್ದನ್ನ ಬರ್ಕೊಳ್ತೀನಿ ಮೇಡಂ, ಗ್ರಾಮಸಭೆಲಿ ಓದಿದ್ರೆ ಮುಗೀತು" ಎಂದರು. ಗಡಿಯಾರ ನೆನಪಾದದ್ದು ಆಗ.

ಅದು ನನ್ನ ಮೇಷ್ಟ್ರು ಕೊಟ್ಟದ್ದು. ಸಾಗರದ ಕಾಲೇಜಿನಲ್ಲಿ ನಮಗೆ ಅರ್ಥಶಾಸ್ತ್ರ ಕಲಿಸಿದ ಕೆರಿಯಪ್ಪ ಸರ್.

ಸರ್ ತೀರ್ಥಹಳ್ಳಿ ಕಡೆಯವರು. ಅವರಪ್ಪ ಗೇಣಿದಾರ. ಉಳುವವನಿಗೆ ಭೂಮಿ ಬಂದ ಮೇಲೆ ಎರಡು ಎಕರೆ ಗದ್ದೆ ಅವರ ಹೆಸರಿಗಾಯಿತು, ಮಗ ಶಾಲೆಯಿಂದ ಕಾಲೇಜಿಗೆ, ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ ಹೋದರು. ಪಿಎಚ್‌ಡಿ ಮಾಡಿದ್ದು ಗೇಣಿ ಕುಟುಂಬಗಳ ಮೇಲೆ. "ಅಂದ್ರೆ ನಮ್ಮಪ್ಪನ ಮೇಲೇ" ಎಂದು ನಗುತ್ತಿದ್ದರು. ಅವರಿಗೊಂದು ಚಾಳಿ. ಯಾರ ಮನೆಗೆ ಹೋದರೂ, ಬನ್ನಿ ಎನ್ನುವ ಮೊದಲೇ ಜಗುಲಿಯ ಮೇಲೆ ಕೂತುಬಿಡುವುದು. ನಮಗೆ ಮುಜುಗರ. ಒಮ್ಮೆ ಕೇಳಿಯೇಬಿಟ್ಟೆ. "ನಮ್ಮಪ್ಪ ಒಡೇರ ಅಂಗಳದಲ್ಲಿ ನಿಂತೇ ಇರ್ತಿದ್ದ ಮಾರಾಯ್ತಿ. ಅವನ ಬಾಕಿನೂ ನಾನೇ ಕೂತ್ಕೋಬೇಕಲ್ಲ" ಎಂದರು. ಆಮೇಲೆ ಅವರು ಎಲ್ಲಿ ಕೂತರೂ ನನಗೆ ಮುಜುಗರವಾಗಲಿಲ್ಲ.

ಇಂಥವರು ರಾಜಕೀಯಕ್ಕೆ ಹೋಗದೆ ಇರುತ್ತಾರೆಯೇ? ಜಿಲ್ಲಾ ಪಂಚಾಯಿತಿಗೆ ನಿಂತರು, ಸೋತರು. ಮತ್ತೆ ನಿಂತರು, ಗೆದ್ದರು. ಗೆದ್ದ ಮೇಲೆ ಭಾನುವಾರಗಳಲ್ಲಿ ನಮ್ಮನ್ನು ಕಟ್ಟಿಕೊಂಡು ಹಳ್ಳಿ ಹಳ್ಳಿ ಸುತ್ತಿದರು. ಅವರ ಅಳತೆಯ ಕ್ರಮ ಬೇರೆಲ್ಲೂ ನಾನು ಕಂಡದ್ದಲ್ಲ. ಊರಿಗೆ ಹೋದ ಕೂಡಲೇ, "ನಿಮ್ಮಲ್ಲಿ ಎಲ್ಲರಿಗಿಂತ ನಿಧಾನ ನಡೆಯೋರು ಯಾರು?" ಎಂದು ಕೇಳುವರು. ಮಂಡಿನೋವಿನ ಅಜ್ಜಿಯೋ, ತುಂಬು ಬಸುರಿಯೋ ನಾಚಿಕೊಂಡು ಮುಂದೆ ಬರುತ್ತಿದ್ದರು. ಅವರ ಹಿಂದೆ ಸರ್, ಸರ್ ಹಿಂದೆ ನಾವು. ಬಸ್ ನಿಲ್ಲುವ ಜಾಗದವರೆಗೆ, ಮಳೆಗಾಲದ ಸುತ್ತುದಾರಿಯಲ್ಲಿ. ಅಜ್ಜಿ ಸುಧಾರಿಸಿಕೊಳ್ಳಲು ಕೂತರೆ ಸರ್ ಕೂಡ ಕೂರುವರು, ಎಲೆ ಅಡಿಕೆ ಕೇಳಿ ಹಾಕಿಕೊಳ್ಳುವರು. ಗಡಿಯಾರ ಮಾತ್ರ ನಿಲ್ಲುತ್ತಿರಲಿಲ್ಲ. "ದಾರಿ ಎಷ್ಟು ಉದ್ದ ಅಂತ ಜೀಪಿನೋರನ್ನ ಕೇಳ್ಬೇಡಿ. ಕೊನೆಗೆ ಬಂದು ಮುಟ್ಟೋರನ್ನ ಕೇಳಿ" ಎನ್ನುವುದು ಅವರ ಪಾಠ. ಪಠ್ಯಪುಸ್ತಕದಲ್ಲಿ ಇದು ಇರಲಿಲ್ಲ. ಪರೀಕ್ಷೆಯಲ್ಲಿ ಬರೆದ ನನಗೆ ಅಂಕವೂ ಬರಲಿಲ್ಲ.

ಸರ್ಕಾರದ ಒಂದು ಸಮಿತಿಗೂ ಅವರನ್ನು ಹಾಕಿದ್ದರು. ರಸ್ತೆ, ಸಂಕಗಳನ್ನು ಜನಸಂಖ್ಯೆ ನೋಡಿ ಕೊಡಬೇಕು ಎಂದು ಉಳಿದವರೆಲ್ಲ ಸಹಿ ಹಾಕಿದರೆ, ಇವರೊಬ್ಬರು ಬೇರೆ ಬರೆದರು: ಗುಡ್ಡಕ್ಕೊಂದು ಮನೆ ಇರುವ ಸೀಮೆಯಲ್ಲಿ ತಲೆ ಎಣಿಸುತ್ತ ಕೂತರೆ ಯಾರಿಗೂ ಯಾವತ್ತೂ ಸಂಕ ಬರುವುದಿಲ್ಲ, ಕಾಲು ಎಣಿಸಿ. ಆಗ ಎಲ್ಲರೂ ನಕ್ಕರಂತೆ. ಆವತ್ತು ಪಿಡಿಒ ತೆರೆದಿಟ್ಟ ಅರ್ಜಿಯಲ್ಲಿ ಜನಸಂಖ್ಯೆಯ ಪಕ್ಕದಲ್ಲೇ ಒಂದು ಕಾಲಂ ಇತ್ತು: ಸುತ್ತುದಾರಿಯಲ್ಲಿ ನಡೆಯಲು ಬೇಕಾಗುವ ಸಮಯ. ಅಲ್ಲಿ ಯಾರ ಹೆಸರೂ ಇಲ್ಲ. ನನಗೆ ಮಾತ್ರ ಆ ಕಾಲಂ ಕಂಡಾಗ ಎದೆಯುಬ್ಬಿತು. ಇದು ನಮ್ಮ ಸರ್ ಹಾಕಿಸಿದ್ದು ಎಂದು ಪಿಡಿಒಗೆ ಹೇಳಿದೆ. "ಹೌದಾ ಮೇಡಂ" ಎಂದು ಚಹಾ ಕುಡಿದರು.

ಈಗ ನನ್ನ ತಪ್ಪಿನ ಕಥೆಗೆ ಬರಬೇಕು. ಇಷ್ಟು ಹೊತ್ತು ಅದನ್ನು ಮುಂದೆ ಹಾಕುತ್ತ ಬಂದದ್ದು ನಿಮಗೆ ಗೊತ್ತಾಗಿರಬೇಕು.

ನಾನು ಬಿಎ ಕೊನೆಯ ವರ್ಷದಲ್ಲಿದ್ದಾಗ ಸರ್ ವಿಧಾನಸಭೆಗೆ ನಿಂತರು. ಖಾಸಗಿ ಕಾಲೇಜು, ಸಂಬಳವಿಲ್ಲದ ರಜೆ ಹಾಕಿದ್ದರು. ಪ್ರಚಾರಕ್ಕೆ ನಮ್ಮ ಕೆಳಕೇರಿಗೂ ಬಂದರು, ನಮ್ಮ ಜಗುಲಿಯ ಮೇಲೆ ಯಾರೂ ಹೇಳದೆ ಕೂತರು. ಅಮ್ಮ ಮಜ್ಜಿಗೆ ಕೊಟ್ಟಳು. ಕೇರಿಯವರೆಲ್ಲ ಸೇರಿದ್ದರು. ನನ್ನ ಮೇಷ್ಟ್ರು ಎಂದು ಬೀಗುತ್ತ ನಾನು ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಕೇಳಿದ: "ಗೆದ್ರೆ ನಮ್ಮ ಹಳ್ಳಕ್ಕೆ ಸಂಕ ಮಾಡ್ಸಿ ಕೊಡ್ತೀರಾ?"

ಹೂಂ ಎಂದರೆ ಮುಗಿಯುತ್ತಿತ್ತು. ಹಿಂದಿನ ದಿನ ಬಂದ ಅಭ್ಯರ್ಥಿ ಹೂಂ ಎಂದಿದ್ದರು, ಮರುದಿನ ಬರುವವರೂ ಎನ್ನುವವರಿದ್ದರು. ಸರ್ ಮಜ್ಜಿಗೆ ಲೋಟ ಕೆಳಗಿಟ್ಟರು.

"ಮೊದ್ಲು ಹಾರೆಗುಡ್ಡೆಗೆ ಆಗ್ಬೇಕು. ಅಲ್ಲಿ ಸುತ್ತಿ ಬರಕ್ಕೆ ಎರಡು ತಾಸು ಬೇಕು, ನಿಮ್ಮಲ್ಲಿ ಮುಕ್ಕಾಲು ತಾಸು. ನಿಮ್ಮ ಮಗಳೇ ಜೊತೆಗಿದ್ಲು, ಕೇಳಿ ನೋಡಿ. ನಿಮ್ದು ಎರಡನೇದು."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಒಳಗೆ ಹೋಗಿಬಿಟ್ಟೆ. ಸರ್ ಅತ್ತ ಹೋದ ಮೇಲೆ ಅಪ್ಪ, "ಓದಿ ಓದಿ ಮರುಳಾದ ಅಂತಾರಲ್ಲ, ಇವ್ರೇ ಸೈ" ಎಂದ. ಕೇರಿಯಲ್ಲಿ ನನಗೆ ತಲೆಯೆತ್ತಿ ಓಡಾಡಲು ಆಗದಷ್ಟು ಮಾತು ಬಿತ್ತು. ನನ್ನ ಸಿಟ್ಟೆಲ್ಲ ತಿರುಗಿದ್ದು ಸರ್ ಮೇಲೆ. ನನ್ನ ಜೀವನದ ಮೊದಲ ಮತ ಅದು. ಮತಗಟ್ಟೆಯಲ್ಲಿ ಅವರ ಹೆಸರನ್ನು ನೋಡಿದೆ, ನೋಡಿಕೊಂಡೇ ಬೇರೆಯವರಿಗೆ ಹಾಕಿ ಬಂದೆ.

ಸರ್ ಸೋತರು. ಫಲಿತಾಂಶ ಬಂದ ಮಾರನೆಯ ದಿನ ಬೆಳಿಗ್ಗೆ ಮೊದಲ ಪೀರಿಯಡ್ಡಿಗೆ ಸರಿಯಾಗಿ ಒಳಗೆ ಬಂದು ಹಾಜರಿ ಕರೆದರು. ಆಮೇಲೆ ಚಾಕ್‌ಪೀಸ್ ಹಿಡಿದು, "ಅವಕಾಶ ವೆಚ್ಚಕ್ಕೆ ಉದಾಹರಣೆ ಕೊಡಿ ಅಂತಿದ್ರಿ. ನಿಮ್ಮೆದುರೇ ನಿಂತಿದೀನಿ ನೋಡಿ. ಒಂದು ಬೇಕು ಅಂದ್ರೆ ಇನ್ನೊಂದು ಬಿಡ್ಬೇಕು. ನಾನು ಮಾತು ಉಳಿಸ್ಕೊಂಡೆ, ಸೀಟು ಬಿಟ್ಟೆ" ಎಂದರು. ಇಡೀ ತರಗತಿ ನಕ್ಕಿತು. ನಾನು ಕೊನೆಯ ಬೆಂಚಿನಲ್ಲಿದ್ದೆ. ಅತ್ತಲೇ ನೋಡಿ ಹೇಳಿದರು: "ಕೆಳಕೇರಿ ಬೂತಲ್ಲಿ ಹನ್ನೊಂದು ಮತ ಬಂದಿದೆ. ನಾನು ಐದು ಅಂದ್ಕೊಂಡಿದ್ದೆ. ಆ ಹನ್ನೊಂದು ಜನಕ್ಕೆ ನನ್ನ ನಮಸ್ಕಾರ ಹೇಳು." ನಾನು ತಲೆಯಾಡಿಸಿದೆ.

ನಾನು ಎಂಎ ಮುಗಿಸಿದಾಗ ಸರ್ ತಮ್ಮ ಕೈಯಿಂದ ಬಿಚ್ಚಿ ಈ ಗಡಿಯಾರ ಕೊಟ್ಟರು. ಆಗಲೂ ನಿಜ ಹೇಳಲಿಲ್ಲ. ಮತ್ತೆ ಅವರು ವಿಧಾನಸಭೆಗೆ ನಿಲ್ಲಲಿಲ್ಲ. ನಿವೃತ್ತರಾಗಿ ತೀರ್ಥಹಳ್ಳಿ ಕಡೆಯ ಊರಿನಲ್ಲಿದ್ದಾರೆ, ಈಗಲೂ ಯಾರದ್ದಾದರೂ ಜಗುಲಿಯ ಮೇಲೆ ಕೂತು ಬೈಸಿಕೊಳ್ಳುತ್ತಾರಂತೆ. ಹೂಂ ಎಂದವರ ಸಂಕಗಳು ಇವತ್ತಿಗೂ ಬಂದಿಲ್ಲ.

ಹೋದ ವಾರ ಗಡಿಯಾರ ಕಟ್ಟಿಕೊಂಡು ಎರಡೂ ಊರಿನಲ್ಲಿ ನಡೆದೆ. ಹಾರೆಗುಡ್ಡೆಯಲ್ಲಿ ಪಾರ್ಶ್ವವಾಯು ಬಡಿದ ಒಬ್ಬರ ಹಿಂದೆ, ಎರಡು ತಾಸು ಹತ್ತು ನಿಮಿಷ. ಕೆಳಕೇರಿಯಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವಳು ಯಾರು ಗೊತ್ತೆ? ನನ್ನ ಅಮ್ಮ. ಅವಳ ಬೆನ್ನು ನೋಡುತ್ತ ಒಂದು ತಾಸು ಐದು ನಿಮಿಷ ನಡೆದೆ. ನಡುವೆ ಮೂರು ಕಡೆ ಕೂತಳು. ಪ್ರತಿ ಸಲ ಅವಳು ಮಂಡಿ ಹಿಡಿದುಕೊಂಡಾಗಲೂ, ಸುಡುಗಾಡು ಲೆಕ್ಕ, ನಮ್ಮ ಕೇರಿಯ ಹೆಸರನ್ನೇ ಮೇಲೆ ಬರೆದುಬಿಡುತ್ತೇನೆ ಎನ್ನಿಸುತ್ತಿತ್ತು.

ಗ್ರಾಮಸಭೆಯ ಹಿಂದಿನ ದಿನ ಮಧ್ಯಾಹ್ನ ಅಮ್ಮ ಹಲಸಿನ ಹಪ್ಪಳ ಒತ್ತುತ್ತಿದ್ದಳು. ಪಕ್ಕದಲ್ಲಿ ಕೂತು ಉಂಡೆ ಕಟ್ಟುತ್ತ ಸಂಕದ ಲೆಕ್ಕ, ಸರ್ ಹೇಳಿದ ಹನ್ನೊಂದು ಮತ, ಎಲ್ಲವನ್ನೂ ಹೇಳಿದೆ, ನನ್ನ ಮತವೊಂದನ್ನು ಬಿಟ್ಟು. ಎಣ್ಣೆ ಕೈ ಒರೆಸಿಕೊಳ್ಳದೆ ಕೇಳಿಸಿಕೊಂಡಳು.

"ಆ ಹನ್ನೊಂದ್ರಲ್ಲಿ ಒಂದು ನಂದು" ಎಂದಳು.

ನಾನು ಉಂಡೆ ಕಟ್ಟುವುದನ್ನು ನಿಲ್ಲಿಸಿದೆ.

"ನಿಮ್ಮಪ್ಪಂಗೆ ಹೇಳಿರ್ಲಿಲ್ಲ. ನಮ್ಮ ಜಗ್ಲಿ ಮೇಲೆ ಕೂತು, ನಮ್ಮ ಮಜ್ಜಿಗೆ ಕುಡ್ದು, ಇಲ್ಲ ಅಂದೋರು ಅವ್ರೊಬ್ರೇ. ನಮ್ಗೂ ಲೆಕ್ಕ ತಿಳೀತದೆ ಅಂತ ತಿಳ್ಕೊಂಡಿದ್ರು ಕಣೆ. ನೀನೂ ಅವ್ರಿಗೇ ಹಾಕಿರ್ತೀಯ ಅಂದ್ಕೊಂಡಿದ್ದೆ."

"ಹಾಕಿರ್ಲಿಲ್ಲ ಅಮ್ಮ" ಎಂದೆ. ಇಷ್ಟು ವರ್ಷಗಳ ಮೇಲೆ, ಮೊದಲ ಸಲ, ಬಾಯಿಬಿಟ್ಟು.

ಅಮ್ಮ ಮತ್ತೊಂದು ಉಂಡೆ ಮಣೆಯ ಮೇಲಿಟ್ಟಳು.

"ಹಂಗಾರೆ ನಾಳೆ ಹಾಕು."

ಗ್ರಾಮಸಭೆಯಲ್ಲಿ ಎದ್ದು ನಿಂತು ಓದಿದೆ: ಮೊದಲನೆಯದು ಹಾರೆಗುಡ್ಡೆ, ಎರಡನೆಯದು ಕೆಳಕೇರಿ. ನಮ್ಮ ಕೇರಿಯ ಸಾಲಿನಲ್ಲಿ ಗಲಾಟೆ ಎದ್ದಿತು. ಮುಂದಿನ ಸಲ ನಿನಗೆ ಯಾರು ಮತ ಹಾಕುತ್ತಾರೆ ನೋಡೋಣ ಎಂದು ಯಾರೋ ಕೂಗಿದರು. ಕೈಯಲ್ಲಿ ಗಡಿಯಾರ ನಡೆಯುತ್ತಿತ್ತು. ಹನ್ನೊಂದು ಬಂದರೆ ಸಾಕು ಎಂದುಕೊಂಡು, ಯಾರೂ ಹೇಳುವ ಮೊದಲೇ ನನ್ನ ಕುರ್ಚಿಯಲ್ಲಿ ಕೂತೆ.