ಆಮೆಗಳಿಗೆ ಹಾಕುತ್ತಿದ್ದ ಹಿಟ್ಟು

ವಡೋದರಾದಲ್ಲಿ ನಮ್ಮ ಸೊಸೈಟಿಯ ಹಿಂದೆ, ವಿಶ್ವಾಮಿತ್ರಿ ನದಿಗೆ ಹೋಗಿ ಸೇರುವ ಒಂದು ತೊರೆಯಿದೆ. ಇಲ್ಲಿಯವರು ಅದನ್ನು ಕಾಂಸ್ ಎನ್ನುತ್ತಾರೆ. ಮೊದಲು ಅದರ ದಂಡೆಯ ಮೇಲೆ ಕಸ ಸುರಿಯುತ್ತಿದ್ದರು. ಈಗ ಬೇವು, ಹೊಂಗೆ ನೆಟ್ಟು, ಸಿಮೆಂಟಿನ ಕಲ್ಲು ಹಾಸಿ, ನಡೆಯುವವರಿಗೂ ಸೈಕಲ್ಲಿನವರಿಗೂ ಒಂದು ಹಾದಿ ಮಾಡಿದ್ದಾರೆ. ನೆಲ ಸಮತಟ್ಟಾಗಿದೆ. ಸ್ಕೂಟರ್ ಬರುವುದಿಲ್ಲ, ದನ ಅಡ್ಡ ಮಲಗುವುದಿಲ್ಲ. ನನಗೆ ಬೇಕಾಗಿದ್ದದ್ದು ಅಷ್ಟೆ.

ಏಕೆಂದರೆ ನಮ್ಮ ಯಜಮಾನರಿಗೆ ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಸೋತಿದ್ದವು. ನಾನು ಧಾರವಾಡದ ಕಡೆಯವಳು. ಇಲ್ಲಿಯ ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದೆ. ಇಂಥ ಕಾಲನ್ನು ದಿನಾ ನಡೆಸದಿದ್ದರೆ ಅದು ಮನೆಯ ಕುರ್ಚಿಗೇ ಒಗ್ಗಿಹೋಗುತ್ತದೆ ಎಂಬುದನ್ನು ಎಷ್ಟೋ ರೋಗಿಗಳಲ್ಲಿ ಕಂಡಿದ್ದೇನೆ. ಆದ್ದರಿಂದ ಬೆಳಗಾಗುತ್ತಲೇ ಅವರನ್ನು ಎಬ್ಬಿಸಿ, ಬೂಟು ಹಾಕಿಸಿ, ಬಲಗೈಗೆ ಕೋಲು ಕೊಟ್ಟು ಹೊರಡಿಸುತ್ತಿದ್ದೆ. ಮೂರನೆಯ ಬೆಂಚಿನವರೆಗೆ ಬಂದು ಅವರು ಕುಳಿತುಬಿಡುತ್ತಿದ್ದರು. ನಾನು ಮುಂದಿನ ಸೇತುವೆಯವರೆಗೆ ಚುರುಕಾಗಿ ಹೋಗಿ ತಿರುಗಿ ಬರುತ್ತಿದ್ದೆ.

ಚಳಿಗಾಲದ ಒಂದು ಬೆಳಿಗ್ಗೆ ಆ ಮೂರನೆಯ ಬೆಂಚಿನ ಪಕ್ಕದಲ್ಲೇ ಒಂದು ಮೊಸಳೆ ಬಿಸಿಲು ಕಾಯಿಸುತ್ತ ಮಲಗಿತ್ತು. ಈ ಊರಿನವರಿಗೆ ಮೊಸಳೆ ಹೊಸದಲ್ಲ. ಯಾರೋ ಫೋನ್ ಮಾಡಿದರು, ಹಿಡಿಯುವವರು ಹಗ್ಗ ತಂದರು, ಕಟ್ಟಿಕೊಂಡು ಹೋಗಿ ನದಿಗೆ ಬಿಟ್ಟರು. ಆದರೆ ಮರುದಿನ ಹಾದಿಯ ಗೇಟಿಗೆ ಸರಪಳಿ ಬಿದ್ದಿತ್ತು.

ಹಾದಿ ನೋಡಿಕೊಳ್ಳುವ ಸೂಪರ್‌ವೈಸರನನ್ನು ಕೇಳಿದೆ. "ಮೊಸಳೆನ ಕರೆಸಿದ್ದು ನಿಮ್ಮ ಸೊಸೈಟಿಯವರೇ, ಆಂಟಿ," ಎಂದ. "ದಿನಾ ಬೆಳಿಗ್ಗೆ ನೀರಿಗೆ ಹಿಟ್ಟಿನ ಉಂಡೆ ಹಾಕ್ತಾರೆ. ಮೀನು, ಆಮೆ ಎಲ್ಲ ದಂಡೆಗೆ ಬರ್ತವೆ. ಅವುಗಳ ಹಿಂದೆ ಅವನೂ ಬರ್ತಾನೆ. ಹಾಕೋದು ನಿಲ್ಲಲಿ, ಗೇಟು ತೆಗೀತೀನಿ."

ಅಲ್ಲಿಯವರೆಗೆ ಎಂದು ಯಜಮಾನರನ್ನು ಸೊಸೈಟಿಯ ಪಾರ್ಕಿಂಗಿನಲ್ಲಿ ನಡೆಸಿದೆ. ಒಂದು ಸುತ್ತು ಬಂದು, ಯಾರದೋ ಸ್ಕೂಟರಿನ ಸೀಟಿಗೆ ಒರಗಿ ನಿಂತರು.

"ಇಲ್ಲೆ ಏನ್ ನೋಡ್ಕೋತ ನಡೀಲಿ? ಮಂದಿ ಗಾಡಿ ಟಾಯರಾ?"

"ಕಾಲ್ ನೋಡ್ಕೋತ ನಡೀರಿ."

"ಮೊಸಳಿನೇ ಛಲೋ ಇತ್ತು, ಸಿಸ್ಟರ್. ಅದು ಸುಮ್ನ ಮಲಗಿತ್ತು."

ವಾರ ಕಳೆಯುವುದರೊಳಗೆ ಟಿವಿಯ ಮುಂದಿನ ಕುರ್ಚಿ ಅವರನ್ನು ಹಿಡಿದುಕೊಂಡಿತು. ಹೆಜ್ಜೆ ಎತ್ತುತ್ತಿದ್ದ ಕಾಲು ಮತ್ತೆ ನೆಲ ಉಜ್ಜತೊಡಗಿತು. ಗೇಟಿಗೆ ಸರಪಳಿ ಬಿದ್ದರೂ ಹೆಂಗಸರು ಹಾದಿಯ ಬೇಲಿಯ ಮೇಲಿನಿಂದ ಹಿಟ್ಟು ಎಸೆಯುತ್ತಲೇ ಇದ್ದರು. ಇನ್ನು ಕಾಯುವ ಹಾಗಿರಲಿಲ್ಲ.

ಹಿಟ್ಟು ಹಾಕುವವರಲ್ಲಿ ಹಿರಿಯರು ಎದುರಿನ ಕಟ್ಟಡದ ಒಬ್ಬ ಅಜ್ಜಿ. ಎಲ್ಲರೂ ಅವರನ್ನು ಬಾ, ಎಂದರೆ ಅಮ್ಮ, ಎಂದೇ ಕರೆಯುತ್ತಾರೆ; ಅವರಿಗೆ ನಾನು ಬೆನ್, ಎಂದರೆ ತಂಗಿ. ಗೋಧಿಹಿಟ್ಟನ್ನು ಕಲಸಿ ಸಣ್ಣ ಉಂಡೆ ಮಾಡಿ, ಸ್ಟೀಲ್ ಡಬ್ಬಿಯಲ್ಲಿ ತುಂಬಿ ತರುವವರು. ನೇರವಾಗಿ ಅವರ ಮನೆಗೇ ಹೋದೆ. ಅವರಾಡುವುದು ಗುಜರಾತಿ; ನನ್ನದು ವಾರ್ಡಿನಲ್ಲಿ ಕಲಿತ ಗುಜರಾತಿ.

"ಬಾ, ಆಮೆಗಳಿಗೆ ಹಾಕುವುದನ್ನು ನಿಲ್ಲಿಸಬೇಕು."

"ಮೊದಲು ನಿಮ್ಮ ಸಾಹೇಬರಿಗೆ ಹೇಳಿ, ಬೆನ್," ಎಂದರು ಬಾ. "ನೀವು ಸೇತುವೆಯ ಕಡೆ ಓಡಿದ ಕೂಡಲೇ ನನ್ನ ಡಬ್ಬಿಗೆ ಕೈ ಹಾಕುವವರು ಅವರೇ. ಅದೂ ಎಡಗೈ! ದಾನ ಎಡಗೈಯಲ್ಲಿ ಮಾಡಬಾರದು ಅಂದೆ. ಆಮೆಗೆ ಎಡ ಬಲ ತಿಳಿಯುತ್ತದೆಯೇ ಅಂದುಬಿಟ್ಟರು."

ನಾನು ಕುಳಿತುಬಿಟ್ಟೆ. ವ್ಯಾಯಾಮದ ರಬ್ಬರ್ ಚೆಂಡನ್ನು ಹಿಡಿದರೆ ಬಿಡಲಾರದ ಆ ಬೆರಳುಗಳು ನೀರಿನ ಅಂಚಿನಲ್ಲಿ ಬಿಚ್ಚಿಕೊಳ್ಳುತ್ತಿದ್ದವು. ಮೂರನೆಯ ಬೆಂಚಿನವರೆಗೆ ಅವರು ನಡೆದು ಬರುತ್ತಿದ್ದದ್ದು ನನ್ನ ಗದರಿಕೆಗಲ್ಲ, ಆಮೆಗಳಿಗಾಗಿ. ಹಾಗಾದರೆ ಗೇಟೂ ತೆರೆಯಬೇಕು, ಅವರ ಕೈಗೆ ಹಿಟ್ಟೂ ಸಿಗಬೇಕು.

"ಹಿಟ್ಟಿನ ಆಸೆಗೆ ಆಮೆ ದಂಡೆಗೆ ಬರುತ್ತದೆ, ಬಾ. ಹಿಂದೆ ಮೊಸಳೆ ಕಾದಿರುತ್ತದೆ," ಎಂದೆ. "ಆ ಆಮೆ ಅದರ ಬಾಯಿಗೆ ಹೋದರೆ ಪಾಪ ಯಾರಿಗೆ?"

ಬಾ ಕೈಯಲ್ಲಿದ್ದ ಜಪಮಾಲೆಯನ್ನು ಮಡಿಲಿಗೆ ಇಳಿಸಿದರು. ಇರುವೆ ಕಂಡರೆ ಕಾಲು ಎತ್ತಿ ಇಡುವ ಜೀವ ಅವರದು. "ಹಾಯ್ ಹಾಯ್," ಎಂದು ಡಬ್ಬಿಯ ಕಡೆ ನೋಡಿ, "ಕೊಡದೆ ನನಗೆ ದಿನ ಶುರುವಾಗುವುದಿಲ್ಲವಲ್ಲ, ಬೆನ್," ಎಂದರು.

ಮುದಿ ಹಸುಗಳನ್ನು ಸಾಕುವ ಪಾಂಜರಾಪೋಳದ ಗಾಡಿ ಮೇವು ಸಂಗ್ರಹಿಸಲು ದಿನಾ ಆ ಸೇತುವೆಯ ರಸ್ತೆಗೆ ಬರುತ್ತದೆ. ಹಿಟ್ಟನ್ನೂ ಒಯ್ಯುತ್ತೀರಾ ಎಂದು ಮೊದಲೇ ವಿಚಾರಿಸಿದ್ದೆ, ಒಪ್ಪಿದ್ದರು. ಒಂದು ಡ್ರಮ್ ಇಡುವುದಷ್ಟೇ ಬಾಕಿ.

"ಡ್ರಮ್ ಗೇಟಿನ ಹತ್ತಿರ ಇಡಿಸಿ," ಎಂದರು ಬಾ. "ನನ್ನ ಮೊಣಕಾಲು ನೋಡಿದ್ದೀರಾ?"

"ಇಲ್ಲ. ಸೇತುವೆಯ ಹತ್ತಿರವೇ."

"ಆಸ್ಪತ್ರೆಯಲ್ಲೂ ಹೀಗೇ ರೋಗಿಗಳನ್ನು ಹೊಡೆದು ನಡೆಸುತ್ತಿದ್ದಿರಾ?"

"ಹೊಡೆಯುತ್ತಿರಲಿಲ್ಲ, ಬಾ. ಬರೀ ನೋಡುತ್ತಿದ್ದೆ."

ಬಾ ನಕ್ಕರು. ಉಳಿದ ಹೆಂಗಸರಿಗೆ ಅವರೇ ಹೇಳಿದರು. ನಾನು ಹೇಳಿದ್ದರೆ ಕೇಳುತ್ತಿರಲಿಲ್ಲ. ನಾನು ಮಾಡಿದ್ದೆಂದರೆ ದಿನಾ ಬೆಳಿಗ್ಗೆ ಬೇಲಿಯ ಪಕ್ಕ ಕಾವಲು ನಿಂತದ್ದು. ಹಳೆಯ ಅಭ್ಯಾಸದಂತೆ ಬೇಲಿಯ ಮೇಲಿನಿಂದ ರೊಟ್ಟಿ ಎಸೆಯಲು ಬಂದವರ ಮುಂದೆ ಕೈ ಚಾಚಿ, ಅದನ್ನು ಇಸಿದುಕೊಂಡು ಡ್ರಮ್ಮಿಗೆ ಹಾಕಿ ಬರುತ್ತಿದ್ದೆ. ದಂಡೆಗೆ ಆಮೆ ಬರುವುದು ಕಡಿಮೆಯಾಯಿತು, ಮೊಸಳೆ ಮತ್ತೆ ಕಾಣಿಸಲಿಲ್ಲ. ಹೋಳಿ ಹುಣ್ಣಿಮೆಗೆ ಮೊದಲು ಸೂಪರ್‌ವೈಸರ್ ಸರಪಳಿ ಬಿಚ್ಚಿದ.

ಯಜಮಾನರು ಬರಲು ಒಪ್ಪಲಿಲ್ಲ. "ಡ್ರಮ್ ನೋಡಾಕ ಅಷ್ಟು ದೂರ ಬರಬೇಕೇನು?" ಎಂದರು. ಬೂಟು ಹಾಕಿಸಿದೆ. ಗೊಣಗುತ್ತ, ಕಾಲೆಳೆಯುತ್ತ, ನಡುವೆ ಎರಡು ಕಡೆ ಕೂತು ಮೂರನೆಯ ಬೆಂಚಿಗೆ ಬಂದರು. "ಆತು, ಮುಗೀತು," ಎಂದು ಕಣ್ಣು ಮುಚ್ಚಿದರು.

ಬಾ ಹಿಂದಿನಿಂದ ಏದುಸಿರು ಬಿಡುತ್ತ ಬಂದು ಅದೇ ಬೆಂಚಿನ ಮೇಲೆ ಕುಸಿದರು. ಡಬ್ಬಿಯನ್ನು ಯಜಮಾನರ ತೊಡೆಯ ಮೇಲಿಟ್ಟು, "ಸಾಹೇಬ್, ನನ್ನಿಂದ ಇನ್ನು ಒಂದು ಹೆಜ್ಜೆ ಆಗುವುದಿಲ್ಲ. ನಿಮ್ಮ ಹೆಂಡತಿ ಡ್ರಮ್ಮನ್ನು ಕಾಶಿಯಲ್ಲಿ ಇಟ್ಟಿದ್ದಾರೆ. ನನ್ನ ಹೆಸರಲ್ಲಿ ನೀವೇ ಹಾಕಿ ಬನ್ನಿ," ಎಂದರು.

ಒಯ್ಯಲು ನಾನಿದ್ದೆ. ಬಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಯಜಮಾನರು ಡಬ್ಬಿಯನ್ನು ನೋಡಿದರು, ಸೇತುವೆಯನ್ನು ನೋಡಿದರು. ಎದ್ದರು. ಬಲಗೈಯಲ್ಲಿ ಕೋಲು, ಎಡಗೈಯ ಬೆರಳುಗಳಲ್ಲಿ ಡಬ್ಬಿಯ ಹಿಡಿಕೆ. ಡಬ್ಬಿ ಓಲಾಡುತ್ತಿತ್ತು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವರ ಹಿಂದೆ ನಡೆದೆ.

ಸೇತುವೆಯ ಬಳಿ ಕೋಲನ್ನು ಕಟ್ಟೆಗೆ ಒರಗಿಸಿ, ಡಬ್ಬಿಯನ್ನು ಬಲಗೈಗೆ ಬದಲಿಸಿಕೊಂಡು, ಎಡಗೈಯಿಂದ ಒಂದು ಉಂಡೆ ತೆಗೆದು ಡ್ರಮ್ಮಿನ ಮೇಲೆ ಹಿಡಿದರು. ಬೆರಳು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಉಂಡೆ ಬಿತ್ತು. ಅವರ ಕಾಲು ನಡುಗುವುದನ್ನು ಕಂಡು, "ಸಾಕು, ಉಳಿದದ್ದು ನಾ ಹಾಕ್ತೀನಿ, ಕೊಡ್ರಿ," ಎಂದೆ.

"ನಿಂದರ," ಎಂದರು. "ಇನ್ನೂ ಅದಾವು."