ಗೊರಕೆಯ ಮೇಲೆ ಹಾಕಿದ ನೆಪ

ನನ್ನ ಗಂಡನ ಮೂಗಿನ ಆಪರೇಷನ್‌ಗೆ ಗುರುವಾರ ಎಂದು ದಿನ ಗೊತ್ತಾದಾಗ ನನಗೆ ಅರವತ್ತೆಂಟು, ಅವರಿಗೆ ಎಪ್ಪತ್ತೆರಡು. ಮೂಗಿನೊಳಗಿನ ಮೂಳೆ ಸ್ವಲ್ಪ ಸೊಟ್ಟಗಿದೆ, ಸರಿ ಮಾಡಿದರೆ ಗೊರಕೆ ಕಡಿಮೆಯಾದರೂ ಆಗಬಹುದು ಎಂದು ಇಎನ್‌ಟಿ ಡಾಕ್ಟರು ಹೇಳಿದ್ದರಂತೆ. ಇವರಿಗೆ ಅಷ್ಟೇ ಸಾಕಾಯಿತು.

"ಇನ್ಮೇಲೆ ನೀನು ನೆಮ್ಮದಿಯಾಗಿ ಮಲಗ್ಬಹುದು ಕಣೇ" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ನಕ್ಕರು. ಸಾರಿಗೆ ಒಗ್ಗರಣೆ ಇಟ್ಟಿದ್ದೆ. ಸಾಸಿವೆ ಸೀದೇಹೋಯಿತು.

ಅವರ ಗೊರಕೆಯಿಂದ ನನಗೆ ಯಾವ ತೊಂದರೆಯೂ ಇರಲಿಲ್ಲ. ಅದು ಎಂಟು ತಿಂಗಳ ಹಿಂದೆ ನಾನು ಹೇಳಿದ ಸುಳ್ಳು.

ಸಕ್ಕರೆ ಕಾಯಿಲೆ ನನಗೆ ಹೊಸದಲ್ಲ. ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗಲೇ ಬಂದದ್ದು. ರಿಟೈರ್ ಆಗಿ ಯಲಹಂಕದ ಈ ಫ್ಲಾಟಿಗೆ ಬಂದಾಗ ನನ್ನ ಜೊತೆಯಲ್ಲೇ ಬಂತು. ಹೋದ ವರ್ಷ ಅದು ಹತೋಟಿ ತಪ್ಪಿದಾಗ ಡಾಕ್ಟರು ಒಂದು ಹೊಸ ಮಾತ್ರೆ ಸೇರಿಸಿದರು. ಕೆಲವು ವಾರಗಳಲ್ಲಿ ನನಗೆ ತುರಿಕೆ ಶುರುವಾಯಿತು. ಎಲ್ಲಿ ಎಂದು ಬರೆಯಲು ಈಗಲೂ ಪೆನ್ನು ತಡೆಯುತ್ತದೆ. ಹೆಂಗಸರ ಆ ಜಾಗದಲ್ಲಿ. ಜೊತೆಗೆ ಒಡೆದ ಹಾಲಿನಂಥ ಬಿಳಿ ಹೋಗುವುದು, ಕೂತರೆ ಉರಿ, ಬಾತ್‌ರೂಮಿಗೆ ಹೋದರೆ ಇನ್ನಷ್ಟು ಉರಿ.

ನಮ್ಮ ವಯಸ್ಸಿನಲ್ಲಿ ಗಂಡಹೆಂಡಿರ ನಡುವೆ ಏನೂ ಇರುವುದಿಲ್ಲ ಎಂದು ಮಕ್ಕಳು ತಿಳಿದಿರುತ್ತಾರೆ. ಇರುತ್ತದೆ. ಯಾವಾಗಲೋ ಒಮ್ಮೆ, ಭಾನುವಾರ ಊಟವಾದ ಮೇಲೆ, ಅವಸರವಿಲ್ಲದೆ. ಹಾಗೊಂದು ಭಾನುವಾರ, ಗಾಯದ ಮೇಲೆ ಅಂಟಿಕೊಂಡ ಬಟ್ಟೆಯನ್ನು ಕಿತ್ತಹಾಗೆ ನೋವಾಯಿತು. ತುಟಿ ಕಚ್ಚಿಕೊಂಡೆ. ಎರಡನೆಯ ಸಲವೂ ಹಾಗೇ. ಆಮೇಲೆ ಅವರು ನಿದ್ದೆಯಲ್ಲಿ ನನ್ನ ಕಡೆ ಹೊರಳಿದರೂ ನಾನು ಮಂಚದ ಅಂಚಿಗೆ ಸರಿಯತೊಡಗಿದೆ. ಬೇಕೆನಿಸುವುದಂತೂ ಯಾವತ್ತೋ ಆರಿಹೋಗಿತ್ತು. ಒಂದು ಬೆಳಗ್ಗೆ ಕಾಫಿ ಕೊಡುತ್ತಾ ಅಂದೆ: "ರೀ, ನಿಮ್ಮ ಗೊರಕೆ ತುಂಬಾ ಜಾಸ್ತಿಯಾಗಿದೆ. ಸ್ವಲ್ಪ ದಿನ ಆಚೆ ರೂಮಲ್ಲಿ ಮಲಗ್ತೀರಾ?"

ಒಂದು ಕ್ಷಣ ನನ್ನನ್ನೇ ನೋಡಿದರು. ದಿಂಬು ಎತ್ತಿಕೊಂಡು ಹೋದರು.

ಡಾಕ್ಟರಿಗೆ ಯಾಕೆ ಹೇಳಲಿಲ್ಲ ಎಂದರೆ, ನನ್ನ ಶುಗರ್ ಡಾಕ್ಟರು ಗಂಡಸು. ಪಕ್ಕದ ಕುರ್ಚಿಯಲ್ಲಿ ಇವರು. ಅದಕ್ಕಿಂತ ಹಿಂದಿನ ಕಾರಣವೂ ಒಂದಿದೆ. ನಾನು ಬೆಳೆದದ್ದು ಕಾನ್ವೆಂಟ್ ಬೋರ್ಡಿಂಗಿನಲ್ಲಿ. ಅಲ್ಲಿ ಮೊಣಕಾಲಿನವರೆಗೆ ಬರುವ ಬಿಳಿ ಶಿಮೀಸ್ ತೊಟ್ಟುಕೊಂಡೇ ಸ್ನಾನ ಮಾಡಬೇಕಿತ್ತು. ಸೋಪು ಹಿಡಿದ ಕೈಯನ್ನು ಅದರೊಳಗೆ ತೂರಿಸಿ ತೊಳೆದುಕೊಳ್ಳಬೇಕು, ಕಣ್ಣು ಗೋಡೆಯ ಮೇಲಿರಬೇಕು. "ಮಾಡೆಸ್ಟಿ, ಗರ್ಲ್ಸ್" ಎಂದು ಸಿಸ್ಟರ್ ಹೊರಗಿನಿಂದ ಕೂಗುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ದುಂಡನೆಯ ಹ್ಯಾಂಡ್‌ರೈಟಿಂಗ್, ಕ್ವಾಯರ್‌ನಲ್ಲಿ ಹಾಡಿದ ಆ ಸಂಜೆಗಳು, ಎಲ್ಲ ಅವರು ಕೊಟ್ಟದ್ದೇ. ಈಗಲೂ ಒಮ್ಮೊಮ್ಮೆ ಆ ಉದ್ದನೆಯ ಕಾರಿಡಾರಿನ ಪಾಲಿಶ್ ವಾಸನೆ ನೆನಪಾಗಿ ಕಣ್ಣು ತುಂಬುತ್ತದೆ. ಆದರೆ ಎರಡು ಮಕ್ಕಳನ್ನು ಹೆತ್ತ ನಾನು ಆ ಜಾಗವನ್ನು ಒಮ್ಮೆಯೂ ಕಣ್ಣಾರೆ ನೋಡಿಕೊಂಡವಳಲ್ಲ.

ಅದಕ್ಕೇ ನನಗೆ ತಿಳಿದ ಮದ್ದನ್ನೇ ಮಾಡಿದೆ. ಬಿಸಿನೀರಿಗೆ ಎರಡು ಮುಚ್ಚಳ ಆಂಟಿಸೆಪ್ಟಿಕ್ ಹಾಕಿ ದಿನಕ್ಕೆ ಮೂರು ಸಲ ತೊಳೆದುಕೊಂಡೆ. ಪ್ರಾಣ ಹೋಗುವಷ್ಟು ಉರಿಯುತ್ತಿತ್ತು. ಉರಿದಷ್ಟೂ ಕ್ಲೀನ್ ಆಗುತ್ತಿದೆ ಎಂದೇ ನಂಬಿದ್ದೆ. ಕಡಿಮೆಯಾಗದಿದ್ದಾಗ ಮೂರು ಮುಚ್ಚಳ ಹಾಕಿದೆ.

ಆಚೆ ರೂಮಿನಲ್ಲಿ ಇವರದು ಬೇರೆಯೇ ತಪಸ್ಸು. ಆವಿ ಹಿಡಿದರು. ಸಂಜೆಯ ಬಜ್ಜಿ ಬಿಟ್ಟರು. ಅಂಗಾತ ಮಲಗಬಾರದೆಂದು ಬನಿಯನ್ನಿನ ಬೆನ್ನಿಗೆ ಜೇಬು ಹೊಲಿಸಿ ಅದರಲ್ಲಿ ಟೆನಿಸ್ ಬಾಲ್ ಇಟ್ಟುಕೊಂಡರು. ಹೊಲಿದವಳು ನಾನೇ. ಬೆಳಗಾದರೆ, "ನಿನ್ನೆ ಕೇಳಿಸ್ತಾ?" ಎಂದು ಪರೀಕ್ಷೆಯ ರಿಸಲ್ಟ್ ಕೇಳುವ ಹುಡುಗನ ಮುಖ ಮಾಡಿಕೊಂಡು ಕೇಳುತ್ತಿದ್ದರು. "ಸ್ವಲ್ಪ" ಅನ್ನುತ್ತಿದ್ದೆ. ಆ 'ಸ್ವಲ್ಪ'ವೇ ಅವರನ್ನು ಆಪರೇಷನ್‌ವರೆಗೆ ಕರೆದುಕೊಂಡು ಹೋಯಿತು. ಅವರ ಹೃದಯದಲ್ಲಿ ಸ್ಟೆಂಟ್ ಇದೆ. ಹೃದಯದ ಡಾಕ್ಟರಿಂದ ಫಿಟ್‌ನೆಸ್ ಬರೆಸಿಕೊಂಡು ಬಂದು ನನಗೆ ತೋರಿಸಿದಾಗ, ಅನಸ್ತೇಶಿಯಾ ಕೊಟ್ಟ ಮೇಲೆ ಇವರು ಎಚ್ಚರಗೊಳ್ಳದೇ ಹೋದರೆ ಎಂಬುದೊಂದೇ ನನ್ನ ತಲೆಯಲ್ಲಿ ಸುತ್ತಿತು. ನನ್ನ ಒಂದು ಸುಳ್ಳಿಗೆ.

ಸೋಮವಾರ ಬೆಳಗ್ಗೆ ಅಲ್ಲಾಳಸಂದ್ರ ಕೆರೆಯ ಏರಿ ಮೇಲೆ ವಾಕಿಂಗಿಗೆ ಹೋದೆ. ಅಲ್ಲಿ ನಮ್ಮದೊಂದು ಶುಗರ್ ಹೆಂಗಸರ ಬೆಂಚಿದೆ. ಫಾಸ್ಟಿಂಗ್ ಎಷ್ಟು, ಊಟದ ಮೇಲೆ ಎಷ್ಟು ಎಂದು ಮಕ್ಕಳ ಮಾರ್ಕ್ಸ್ ಹೇಳುವ ಹಾಗೆ ಹೇಳಿಕೊಳ್ಳುತ್ತೇವೆ. ಮಲಬದ್ಧತೆ, ಗ್ಯಾಸ್, ಮಂಡಿನೋವು, ಯಾವುದಕ್ಕೂ ಸಂಕೋಚವಿಲ್ಲ. ಇದೊಂದನ್ನು ಮಾತ್ರ ಯಾರೂ ಆಡಿದ್ದು ಕೇಳಿರಲಿಲ್ಲ. ಅವತ್ತು ಎಲ್ಲರೂ ಎದ್ದುಹೋದರು. ಉಳಿದವಳು ಒಬ್ಬಳೇ, ಈ ಕಡೆಯ ಹಳೇ ಹಳ್ಳಿಯ ಗೌಡರ ಮನೆಯಾಕೆ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಆಕೆಯ ಮೂರು ಬಿಲ್ಡಿಂಗುಗಳಿವೆ. ಬಾಯಿ ಮಾತ್ರ ಹೊಲದಲ್ಲಿದ್ದ ಹಾಗೆಯೇ ಇದೆ.

"ಯಾಕ್ ಟೀಚರಮ್ಮ, ಮುಳ್ಳಿನ್ ಮ್ಯಾಲೆ ಕುಂತಂಗೆ ಕುಂತಿದ್ದೀರ?"

"ಏನಿಲ್ಲಮ್ಮ. ಸ್ವಲ್ಪ ಡಿಸ್‌ಕಂಫರ್ಟ್."

"ಅಂಗಂದ್ರೆ? ಕೆಳಗಡೆ ಕೆರಿತದಾ?"

ನಾನು ಸುತ್ತ ನೋಡಿದೆ. ಹೆಬ್ಬಾತು ರೆಕ್ಕೆ ಬಡಿದ ಹಾಗೆ ಕೈ ಬೀಸುತ್ತಾ ಇಬ್ಬರು ಗಂಡಸರು ದೂರದಲ್ಲಿ ಹೋಗುತ್ತಿದ್ದರು. "ಮೆಲ್ಲಗೆ ಮಾತಾಡಿ" ಎಂದೆ.

"ಮೆಲ್ಲಗೆ ಮಾತಾಡಿದ್ರೆ ಕೆರೆಯೋದು ನಿಂತೋಯ್ತದಾ? ಸಕ್ಕರೆ ಇರೋರಿಗೆ ಅದು ಬತ್ತದೆ ಕಣಮ್ಮ. ನಂಗೂ ಬಂದಿತ್ತು. ನಮ್ಮೆಜಮಾನ್ರು ಅತ್ರ ಬಂದ್ರೆ ಸೌದೆ ಎತ್ಕೊಂಡು ವಡೀಬೇಕು ಅನ್ಸೋದು. ಪಾಪ, ಆವಯ್ಯ ಏನ್ ಮಾಡಿದ್ದ?" ಎಂದು ನಕ್ಕಳು. ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ ನಗು ನಿಲ್ಲಿಸಿದಳು. "ಇಂಗೇ ಮುಚ್ಚಿಕ್ಕೊಂಡು ಎಷ್ಟು ದಿನ ಆಯ್ತು?"

"ಎಂಟು ತಿಂಗಳು."

"ಅಯ್ಯೋ ನಿನ್ನ! ಓದಿರೋಳು ನೀನು!" ಬಹುವಚನವೆಲ್ಲ ಗಾಳಿಗೆ ಹೋಯಿತು. "ನಾಳೆ ರೆಡಿಯಾಗಿರು, ಲೇಡಿ ಡಾಕ್ಟ್ರತ್ರ ಕರ್ಕೊಂಡೋಯ್ತೀನಿ."

ಮರುದಿನ ಆಕೆ ಕರೆದುಕೊಂಡು ಹೋದ ಬ್ಯಾಟರಾಯನಪುರದ ಕ್ಲಿನಿಕ್ ತುಂಬ ಬಸುರಿಯರು. ಒಬ್ಬ ಹುಡುಗಿ ಎದ್ದು ಜಾಗ ಕೊಡುತ್ತಾ, "ಆಂಟಿ, ಸೊಸೆ ಒಳಗಿದ್ದಾರಾ?" ಎಂದು ಕೇಳಿದಳು. ಹೂಂ ಎಂದುಬಿಟ್ಟೆ. ಇನ್ನೊಂದು ಸುಳ್ಳು.

ಡಾಕ್ಟರು ನನ್ನ ಹಳೆಯ ಸ್ಟೂಡೆಂಟುಗಳ ವಯಸ್ಸಿನವಳು. ಪರೀಕ್ಷೆ ಮಾಡಿ ಕೈ ತೊಳೆದು ಬಂದು ಕೂತಳು. "ಏನಾದ್ರೂ ಹಚ್ಚಿದ್ರಾ? ಚರ್ಮ ಸುಟ್ಟ ಹಾಗಿದೆ."

ನಾನು ಮುಚ್ಚಳಗಳ ಲೆಕ್ಕ ಹೇಳಿದೆ.

"ಇವತ್ತಿಂದ ಅದು ಬಂದ್. ಬರೀ ನೀರು ಸಾಕು." ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ರಕ್ತದಲ್ಲಿ ಸಕ್ಕರೆ ಏರಿದರೆ ಅಲ್ಲಿ ಫಂಗಸ್‌ಗೆ ಹಬ್ಬ. ಹೊಸ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ, ಅದರಿಂದಲೂ ಕೆಲವರಿಗೆ ಹೀಗಾಗುತ್ತದೆ. "ನೀವಾಗೇ ನಿಲ್ಲಿಸ್ಬೇಡಿ, ನಿಮ್ಮ ಡಾಕ್ಟರ್‌ಗೆ ನಾನು ಲೆಟರ್ ಬರೀತೀನಿ." ವರ್ಷಗಟ್ಟಲೆ ಶುಗರ್ ಇದ್ದರೆ ನರಗಳು, ರಕ್ತದ ಓಡಾಟ ಮಂಕಾಗುತ್ತವೆ, ಕಾಲು ಜೋಮು ಹಿಡಿಯುವ ಹಾಗೆ ಅಲ್ಲಿಯೂ ಸ್ಪರ್ಶ ತಿಳಿಯುವುದು ಕಡಿಮೆಯಾಗುತ್ತದೆ. ಮುಟ್ಟು ನಿಂತ ಮೇಲಿನ ಒಣಗುವಿಕೆ ಬೇರೆ. "ಇಷ್ಟ ಇಲ್ಲದ ಹಾಗಾಗೋದೂ ಇದರಲ್ಲೇ ಸೇರಿದೆ, ಮೇಡಮ್. ನೀವು ಕೆಟ್ಟ ಹೆಂಡತಿ ಅಂತಲ್ಲ."

ಆ ಮಾತು ಅವಳಿಗೆ ಹೇಗೆ ಹೊಳೆಯಿತೋ. "ಮತ್ತೆ ಮೊದಲಿನ ಹಾಗೆ ಆಗುತ್ತಾ?" ಎಂದು ಕೇಳಿದೆ.

"ಇನ್‌ಫೆಕ್ಷನ್ ಹೋಗುತ್ತೆ. ಒಣಗಿರೋದಕ್ಕೆ ಕ್ರೀಮ್ ಇದೆ, ಜೆಲ್ ಇದೆ. ಮೊದಲಿನ ಹಾಗೇ ಅಂತ ಪ್ರಾಮಿಸ್ ಮಾಡಲ್ಲ, ಈಗಿರೋದಕ್ಕಿಂತ ಚೆನ್ನಾಗಿರುತ್ತೆ. ಯಜಮಾನರಿಗೆ ಹೇಳಿದ್ದೀರಾ?"

ಬುಧವಾರ ಮಧ್ಯಾಹ್ನ ಅವರು ಡೈನಿಂಗ್ ಟೇಬಲ್ಲಿನ ಮೇಲೆ ಆಸ್ಪತ್ರೆಯ ಫಾರಂ ತುಂಬುತ್ತಿದ್ದರು. ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಎಂಬ ಕಡೆ ನನ್ನ ಹೆಸರು ಬರೆಯುತ್ತಿದ್ದುದನ್ನು ನೋಡಿ ಎದುರಿನ ಕುರ್ಚಿ ಎಳೆದುಕೊಂಡು ಕೂತೆ. ಇಂಗ್ಲಿಷಿನಲ್ಲೇ ಶುರುಮಾಡಿದೆ, ನಾಚಿಕೆಯ ವಿಷಯಕ್ಕೆ ಇಂಗ್ಲಿಷ್ ಒಂದು ಪರದೆ. "ಐ ಹ್ಯಾವ್ ಅ ಪ್ರಾಬ್ಲಮ್."

"ಮಂಡಿನಾ?" ಎಂದರು, ತಲೆ ಎತ್ತದೆ.

ಪರದೆ ಸಾಲಲಿಲ್ಲ. ಕನ್ನಡದಲ್ಲಿ, ಗೌಡರ ಮನೆಯಾಕೆಯ ಮಾತುಗಳನ್ನೇ ಅರ್ಧ ಎರವಲು ಪಡೆದು, ಎಲ್ಲವನ್ನೂ ಹೇಳಿದೆ. ತುರಿಕೆ, ಉರಿ, ಆ ಎರಡು ಭಾನುವಾರಗಳು. ಗೊರಕೆಯ ನೆಪ.

ಕನ್ನಡಕ ತೆಗೆದರು. "ಹಾಗಾದ್ರೆ ನಾನು ಗೊರಕೆ ಹೊಡೆಯಲ್ವಾ?"

"ಹೊಡೀತೀರಿ. ಮದುವೆಯಾದಾಗಿಂದ ಹೊಡೀತಿದ್ದೀರಿ. ಅದು ಕೇಳಿಸಿದ್ರೇನೇ ನಂಗೆ ನಿದ್ದೆ ಬರೋದು."

ಕನ್ನಡಕವನ್ನು ಮಡಿಸಿ ಫಾರಂ ಮೇಲಿಟ್ಟರು. ಬೈಯಲಿ ಎಂದು ಕಾದೆ.

"ಎಂಟು ತಿಂಗಳಿಂದ ದಿನಾ ಎರಡು ಸಲ ಸ್ನಾನ ಮಾಡ್ತಿದ್ದೀನಿ, ಗೊತ್ತಾ?" ಎಂದರು. "ಮುದುಕನ ವಾಸನೆ ಬರ್ತಿದೆಯೇನೋ, ಇವಳಿಗೆ ಹೇಸಿಗೆ ಆಗಿದೆಯೇನೋ, ಗೊರಕೆ ಅಂತ ಮರ್ಯಾದೆಗೆ ಹೇಳ್ತಿದ್ದಾಳೇನೋ ಅಂತ. ಮೂಗು ಕೊಯ್ಯಿಸ್ಕೊಂಡ್ರೆ ಆ ನೆಪವೂ ಇರಲ್ಲ, ಆಗ ಏನು ಹೇಳ್ತಾಳೋ ನೋಡೋಣ ಅಂತಿದ್ದೆ."

ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಫಾರಂ ಅಲ್ಲೇ ಇತ್ತು. ಎರಡು ಗಂಟೆ ನಾನು ಬಾಲ್ಕನಿಗೂ ಬಾಗಿಲಿಗೂ ನಡೆದಾಡಿದೆ. ಸಿಟ್ಟಿನಲ್ಲಿ ಹೋಗಿ ಅಡ್ಮಿಟ್ ಆಗಿಯೇಬಿಟ್ಟರೆ ಎಂಬ ಹುಚ್ಚು ಯೋಚನೆಯೂ ಬಂತು. ಬಂದವರು ಶರ್ಟು ಬಿಚ್ಚದೆ ಆಸ್ಪತ್ರೆಗೆ ಫೋನ್ ಮಾಡಿದರು. ಕ್ಯಾನ್ಸಲ್ ಯಾಕೆ ಎಂದು ಆ ಕಡೆಯ ಹುಡುಗಿ ಕೇಳಿರಬೇಕು. "ನನ್ನ ಹೆಂಡತಿಗೆ ಹುಷಾರಿಲ್ಲಮ್ಮ" ಎಂದರು. ನನಗೆ ಹುಷಾರಿಲ್ಲ ಎಂದು ಯಾರಾದರೂ ಜೋರಾಗಿ ಹೇಳಿದ್ದು ಆ ಎಂಟು ತಿಂಗಳಲ್ಲಿ ಅದೇ ಮೊದಲು.

ಆದರೂ ಅವರು ನಮ್ಮ ರೂಮಿಗೆ ಹಿಂದಿರುಗಿ ಬರಲಿಲ್ಲ. "ನೀನು ಕರೆಯೋವರೆಗೂ ಆಚೆನೇ ಮಲಗ್ತೀನಿ. ನಂಗೋಸ್ಕರ ಅಂತ ಕರೀಬೇಡ" ಎಂದರು. ಸಿಟ್ಟೋ, ಅಕ್ಕರೆಯೋ, ಕೇಳಲು ಹೆದರಿಕೆಯಾಯಿತು.

ಈಗ ತಿಂಗಳ ಮೇಲಾಯಿತು. ಮಾತ್ರೆ ಬದಲಾಗಿದೆ, ತುರಿಕೆ ನಿಂತಿದೆ, ಉರಿಯೂ ಇಲ್ಲ. ನೋವು ಹೋಗಿದೆಯೋ ಇಲ್ಲವೋ ತಿಳಿಯಲು ಇರುವುದು ಒಂದೇ ದಾರಿ, ಅದಕ್ಕೆ ಇನ್ನೂ ಧೈರ್ಯ ಸಾಲದು. ಮೊನ್ನೆ ಬೆಳಗ್ಗೆ ಕಾಫಿ ಲೋಟ ಹಿಡಿದು ಅವರ ರೂಮಿಗೆ ಹೋದವಳು ವಾಪಸು ಬರದೆ ಮಂಚದ ಅಂಚಿನಲ್ಲಿ ಕೂತೆ. ಪೇಪರ್ ಮಡಿಸಿ, ಗೋಡೆಯ ಕಡೆ ಸರಿದು ಜಾಗ ಬಿಟ್ಟರು.

"ಸುಮ್ನೆ ಮಲಗೋಕೆ" ಎಂದೆ.

"ನಾನೇನು ಕೇಳಿದ್ನಾ?" ಎಂದರು.

ಮಲಗಿದೆ. ಅವರ ಕೈ ನನ್ನ ಮುಂಗೈ ಮೇಲೆ ಬಂದಾಗ ಮೈ ತನ್ನಷ್ಟಕ್ಕೆ ಬಿಗಿದುಕೊಂಡಿತು. ಅದು ಅವರಿಗೂ ತಿಳಿಯಿತು. ಕೈ ಅಲ್ಲೇ ಇಟ್ಟರು, ಮುಂದೆ ತರಲಿಲ್ಲ, ಹಿಂದೆ ತೆಗೆಯಲೂ ಇಲ್ಲ.