ಹಾಲು ಅಳೆಯುತ್ತಿದ್ದ ಅಕ್ಕನ ಮಾತ್ರೆ

ಪಾಂಡವಪುರದ ಕಡೆಯ ನಮ್ಮೂರ ಡೈರಿಯಲ್ಲಿ ಹಾಲು ಅಳೆಯುತ್ತಿದ್ದ ಅಕ್ಕ ನೊರೆ ಇಳಿಯುವ ತನಕ ಅಳತೆ ಬರೆಯುತ್ತಿರಲಿಲ್ಲ. ಯಾರಾದರೂ ಗೊಣಗಿದರೆ ಕೈಯೆತ್ತಿ, "ತಡೀರಪ್ಪ, ಯಾರು ಅಟ್ಟುಸ್ಕೊಂಡ್ ಬತ್ತಾವ್ರೆ?" ಅನ್ನುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ಮಂಕು ಕವಿದು, ವರ್ಷಗಟ್ಟಲೆಯಿಂದ ಮನಸ್ಸಿನ ಮಾತ್ರೆ ನುಂಗುತ್ತಿದ್ದರು. ಮತ್ತೆ ನಗುನಗುತ್ತಾ ಓಡಾಡುವುದನ್ನು ಕಂಡು, ದಿನಾ ಹಾಲು ಹಾಕಲು ಹೋಗುತ್ತಿದ್ದ ನಾನೇ ಒಂದು ದಿನ, "ಚೆನ್ನಾಗಿದ್ದೀರಲ್ಲಕ್ಕ, ಇನ್ಯಾಕದು? ಬುಟ್ಬುಡಿ" ಅಂದೆ. ಅವರು ಅಂದೇ ಬಿಟ್ಟರು. ವಾರದೊಳಗೆ ತಲೆಸುತ್ತು, ನಿದ್ದೆಯಿಲ್ಲ, ಹಾಲು ಅಳೆಯುತ್ತಾ ಕೂತಿದ್ದಾಗಲೇ ಸುಮ್ಮಸುಮ್ಮನೆ ಅಳು. ಹಳೇ ಮಂಕೇ ತಿರುಗಿ ಬಂತೆಂದು ಹೆದರಿಬಿಟ್ಟರು. ನಾನೇ ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಹೋದೆ.

"ಒಂದೇ ಸಲ ಬಿಟ್ಟರೆ ಹೀಗಾಗುತ್ತೆ" ಅಂದ ಡಾಕ್ಟರು ಮತ್ತೆ ಶುರು ಮಾಡಿಸಿ, ತಿಂಗಳುಗಟ್ಟಲೆ ಹಿಡಿದು ಸ್ವಲ್ಪಸ್ವಲ್ಪವೇ ಇಳಿಸುವ ಬಗೆ ಬರೆದುಕೊಟ್ಟರು.

ಅಕ್ಕ ನನ್ನನ್ನು ಬೈಯಲಿಲ್ಲ. "ಗಬ್ಬದ ಹಸುವಿನ್ ಹಾಲು ಬತ್ತಿಸ್ವಾಗ ಒಂದೇ ದಿನಕ್ಕೆ ಕರೆಯೋದು ನಿಲ್ಸಿದ್ರೆ ಕೆಚ್ಚಲು ಕಲ್ಲಾಯ್ತದೆ. ಎಷ್ಟು ಹಸ ಬತ್ತಿಸಿವ್ನಿ, ನನ್ ವಿಷ್ಯಕ್ಕೆ ಆ ಬುದ್ಧಿ ಓಡ್ಲಿಲ್ಲ ನೋಡು" ಅಂದರು.

ನಡುವೆ ಒಮ್ಮೆ ಇಳಿಸಿದ್ದು ಮೈಗೆ ಒಗ್ಗದೆ, ಡಾಕ್ಟರು ಹಿಂದಿನ ಪ್ರಮಾಣಕ್ಕೇ ಏರಿಸಿ ಕೆಲಕಾಲ ಅಲ್ಲೇ ಇರಿಸಿದರು. ಆ ವಾರ ಸಾಲಿನಲ್ಲಿದ್ದ ಹೆಂಗಸೊಬ್ಬಳು, "ಇನ್ನೂವೇ ನುಂಗ್ತಾ ಇದ್ದೀಯೇನಕ್ಕ ಆ ಮಾತ್ರೆಯ?" ಎಂದು ಎಲ್ಲರೆದುರೂ ಕೆಣಕಿದಳು. ನಾನು ತಲೆ ತಗ್ಗಿಸಿದೆ. ಅಕ್ಕ ತಗ್ಗಿಸಲಿಲ್ಲ.

"ಊಂ ಕಣೆ, ಇನ್ನಾರು ತಿಂಗ್ಳು ಬೇಕಂತೆ. ನಿನ್ ಕ್ಯಾನು ತತ್ತಾ."